ಕಣ್ಣ ಕೆಳಗಿನ ಗುಳಿಯ ಚರಿತ್ರೆ

ಕಣ್ಣಿನ ಕೆಳಗೆ ಬೀಳುವ ಕಪ್ಪು ಕುಳಿಗೆ ಉರ್ದುವಿನಲ್ಲಿ 'ಹಲ್ಕೆ' ಎನ್ನುತ್ತಾರೆ. ಹಲ್ಕಾ ಎಂದರೆ ಬಳಸಿ ನಿಂತ ವರ್ತುಲ. ಕನ್ನಡದಲ್ಲಿ 'ಕಣ್ಣು ಗುಳಿ ಬಿದ್ದಿದೆ' ಎಂಬ ಮಾತಿದೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ಮನೆಗಳಲ್ಲಿ ಈ ಎರಡೂ ಮಾತುಗಳನ್ನು ಕೇಳುತ್ತ ಬೆಳೆದವರು ನಾವು. ಮಾತು ಆಡಿದವರು ಅದರ ಬೆನ್ನಿಗೇ ಇನ್ನೇನಾದರೂ ಕೇಳುತ್ತಿದ್ದರು. ರಾತ್ರಿ ನಿದ್ದೆ ಬಂತೋ ಇಲ್ಲವೋ, ಊಟ ಸೇರುತ್ತಿದೆಯೋ ಇಲ್ಲವೋ, ಬಾಣಂತನ ಸರಿಯಾಗಿ ಆಯಿತೋ ಇಲ್ಲವೋ, ಸಾಲಗಾರರ ಕಾಟವೇನಾದರೂ ಇದೆಯೋ. ಒಬ್ಬರ ಮನೆಯ ಸಮಾಚಾರವನ್ನು ಅವರ ಬಾಯಿಗಿಂತ ಮೊದಲು ಈ ಗುಳಿ ಹೇಳಿಬಿಡುತ್ತಿತ್ತು. ಆ ಗುಳಿಯನ್ನು ಸೂಜಿಯಿಂದ ತುಂಬಿಸಿಕೊಳ್ಳಬಹುದು ಎಂಬ ಸುದ್ದಿ ನಮ್ಮ ಊರುಗಳಿಗೆ ಬಂದದ್ದು ತೀರಾ ಈಚೆಗೆ, ಬೆಂಗಳೂರಿನ ಚರ್ಮದ ಕ್ಲಿನಿಕ್ಕುಗಳ ಜಾಹೀರಾತಿನ ಮೂಲಕ, ಫೋನಿನ ಪರದೆಯ ಮೇಲೆ.

ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು, ಚಿಂತಾಮಣಿಯವಳು, ಷಾದಿಗೆ ನಾಲ್ಕು ತಿಂಗಳಿರುವಾಗ ನಮ್ಮನ್ನು ಕೇಳಿದಳು: "ಮಾಮೂ, ಫಿಲ್ಲರ್‌ನಲ್ಲಿ ಬೇರೆ ಬೇರೆ ಥರ ಇದೆಯಂತೆ. ಯಾವುದು ಹಾಕಿಸಿಕೊಳ್ಳಲಿ?" ಪಕ್ಕದಲ್ಲಿ ಕೂತಿದ್ದ ಅವಳ ದಾದಿ "ತೋಬಾ ತೋಬಾ, ಕಣ್ಣಿಗೆ ಸೂಜಿಯೇ!" ಎಂದು ಕೆನ್ನೆ ಮುಟ್ಟಿಕೊಂಡರು. ದಾದಿಯ ಕಣ್ಣಿನಲ್ಲಿ ಅವತ್ತು ಶುಕ್ರವಾರದ ಸುರ್ಮಾ ಇತ್ತು. ಸುರ್ಮಾ ಹಚ್ಚುವ ಕಡ್ಡಿಗೂ ಫಿಲ್ಲರ್ ಹಾಕುವ ಸೂಜಿಗೂ ನಡುವೆ ಸಾವಿರಾರು ವರ್ಷಗಳ ದೂರವಿದೆ. ಆದರೆ ಎರಡೂ ಒಂದೇ ದಾರಿಯ ಮೇಲಿವೆ. ಹುಡುಗಿಯ ಪ್ರಶ್ನೆಗೆ ಆ ದಾರಿಯನ್ನು ಹಿಡಿದೇ ಉತ್ತರ ಹೇಳಬೇಕು ಅನಿಸಿತು. ಚೆಂದ ಕಾಣಬೇಕೆಂಬ ಆಸೆಯನ್ನು ಗೇಲಿ ಮಾಡುವ ಗಂಡಸರ ಮಾತು ನಮಗೆ ಎಂದೂ ಹಿಡಿಸಿಲ್ಲ. ರಿಷ್ತಾ ನೋಡಲು ಬಂದು "ಹುಡುಗಿ ಸ್ವಲ್ಪ ಬಾಡಿದ ಹಾಗಿದ್ದಾಳೆ" ಎಂದು ಹೇಳಿಹೋಗುವವರು ನಾವೇ. ಅವಳು ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಂತರೆ ತಕರಾರು ತೆಗೆಯುವವರೂ ನಾವೇ.

ಸುರ್ಮಾದಿಂದಲೇ ಶುರುಮಾಡೋಣ. ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹೋಗಿಬಂದವರಿಗೆ ಅತ್ತರು, ತಸ್ಬಿ, ಸುರ್ಮಾಗಳ ಅಂಗಡಿ ಸಾಲು ಹೊಸದಲ್ಲ. ಅಲ್ಲಿಗೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಸುರ್ಮಾ, ಅಂಜನ, ಕಾಡಿಗೆ, ಹೆಸರು ಏನೇ ಇರಲಿ, ಕಣ್ಣಿನ ಅಂಚನ್ನು ಕಪ್ಪು ಮಾಡಿದರೆ ಕೆಳಗಿನ ಕಪ್ಪು ಮಂಕಾಗುತ್ತದೆ ಎಂಬ ಲೆಕ್ಕ ಹಳೆಯದು. ಅದು ಔಷಧಿಯೂ ಆಗಿತ್ತು. ಆದರೆ ಬಜಾರಿನ ಸುರ್ಮಾದಲ್ಲಿ ಬಹಳಷ್ಟು ಸಲ ಇರುವುದು ಸೀಸದ ಗಂಧಕ ಸಂಯುಕ್ತ. ಈ ಸೀಸ ಮಕ್ಕಳ ರಕ್ತಕ್ಕೆ ಸೇರುತ್ತದೆ ಎಂದು ಗೊತ್ತಾದ ಮೇಲೆ ಅಮೆರಿಕದಲ್ಲಿ ಅದನ್ನು ಸೌಂದರ್ಯ ಸಾಧನವಾಗಿ ಮಾರುವಂತಿಲ್ಲ. ಅಜ್ಜಿ ಹಚ್ಚಿದ್ದು ನಿರಪಾಯ, ಡಾಕ್ಟರು ಚುಚ್ಚಿದ್ದು ಅಪಾಯ ಎಂಬ ಸರಳ ಹಂಚಿಕೆ ಇಲ್ಲಿಯೇ ಮುರಿದು ಬೀಳುತ್ತದೆ. ಯಾವ ಪದಾರ್ಥ, ಎಲ್ಲಿಂದ ಬಂತು ಎಂದು ಎರಡರ ಬಗ್ಗೆಯೂ ಕೇಳಬೇಕು.

ಸೂಜಿಯ ಕಥೆಯೂ ಪಶ್ಚಿಮದ ಸ್ವಂತ ಆಸ್ತಿಯಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಮೋಸುಲ್‌ನಲ್ಲಿ ಹುಟ್ಟಿ ಕೈರೋದಲ್ಲಿ ಕಣ್ಣಿನ ವೈದ್ಯನಾಗಿದ್ದ ಅಮ್ಮಾರ್ ಇಬ್ನ್ ಅಲಿ ಎಂಬಾತ ಲೋಹದ ಟೊಳ್ಳು ಸೂಜಿಯನ್ನು ಕಣ್ಣಿಗೆ ಹಾಕಿ ಪೊರೆಯನ್ನು ಹೀರಿ ತೆಗೆಯುವ ವಿಧಾನವನ್ನು ಬರೆದಿಟ್ಟ. ಅದೇ ಕಾಲದ ಬಗ್ದಾದಿನ ಅಲಿ ಇಬ್ನ್ ಈಸಾ ಕಣ್ಣಿನ ನೂರಕ್ಕೂ ಹೆಚ್ಚು ಕಾಯಿಲೆಗಳನ್ನು ಒಂದು ಪುಸ್ತಕದಲ್ಲಿ ವಿಂಗಡಿಸಿದ. ಯುರೋಪು ಅದನ್ನು ಶತಮಾನಗಳ ಕಾಲ ಓದಿತು. ಟೊಳ್ಳು ಸೂಜಿಗೆ ಪಿಚಕಾರಿ ಸೇರಿ ಇಂದಿನ ಸಿರಿಂಜ್ ಆದದ್ದು 1853ರಲ್ಲಿ, ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಮತ್ತು ಲಿಯಾನ್‌ನ ಷಾರ್ಲ್ ಪ್ರವಾಜ್ ಬೇರೆ ಬೇರೆಯಾಗಿ ಮಾಡಿದ ಕೆಲಸದಿಂದ. ಹೀರಲು ಬಳಸಿದ ಸೂಜಿಯಿಂದ ತುಂಬಲೂ ಬಹುದು ಎಂದು ಆಮೇಲೆ ಹೊಳೆಯಿತು.

ಮುಖವನ್ನು ಮತ್ತೆ ಕಟ್ಟುವ ಶಸ್ತ್ರವಿದ್ಯೆಯ ಚರಿತ್ರೆಯಲ್ಲಿ ನಮ್ಮ ಸೀಮೆಗೂ ಒಂದು ಕೊಂಡಿಯಿದೆ, ಕಹಿಯಾದದ್ದು. 1791ರ ಅಕ್ಟೋಬರಿನಲ್ಲಿ ಚಿಕ್ಕಬಳ್ಳಾಪುರದ ಪಕ್ಕದ ನಂದಿದುರ್ಗವನ್ನು ಕಾರ್ನ್‌ವಾಲಿಸ್‌ನ ಪಡೆ ಟಿಪ್ಪು ಸುಲ್ತಾನನ ಸೈನ್ಯದಿಂದ ಕಿತ್ತುಕೊಂಡಿತು. ಅದೇ ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸಜಿ ಎಂಬ ಮರಾಠಿಗ ಸೆರೆಸಿಕ್ಕಿದ; ಟಿಪ್ಪುವಿನ ಕಡೆಯವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಮುಂದೆ ಪುಣೆಯ ಕಡೆ ಒಬ್ಬ ದೇಶೀ ಕುಶಲಿ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. ಆ ವರದಿ ಚಿತ್ರಸಮೇತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಕ್ರಿಯೆ ಮಾಡಿ ತೋರಿಸಿದ. ವಿರೂಪದ ನೋವು ಅರಿತ ಸಮಾಜವೊಂದು ಅದಕ್ಕೆ ಮದ್ದನ್ನೂ ಕಂಡುಕೊಂಡಿತ್ತು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಘಟನೆಯನ್ನು ತಮಗೆ ಬೇಕಾದಷ್ಟು ಮಾತ್ರ ಹೇಳುತ್ತಾರೆ, ಅದು ಬೇರೆ ಮಾತು.

ಮೂಗಿನ ವಿಷಯ ಬಂದಾಗ ನಮ್ಮ ಹದೀಸ್ ಗ್ರಂಥಗಳಲ್ಲಿ ಬರುವ ಅರ್ಫಜಾ ನೆನಪಾಗುತ್ತಾರೆ. ಇಸ್ಲಾಮಿಗೆ ಮೊದಲಿನ ಒಂದು ಕಾಳಗದಲ್ಲಿ ಅವರ ಮೂಗು ಹೋಗಿತ್ತು. ಬೆಳ್ಳಿಯ ಮೂಗು ಮಾಡಿಸಿ ಹಾಕಿಕೊಂಡರು, ಅದು ನಾರತೊಡಗಿತು. ಪ್ರವಾದಿಯವರು ಚಿನ್ನದ್ದನ್ನು ಹಾಕಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನ ವರ್ಜ್ಯವಾಗಿದ್ದೂ ಇಲ್ಲಿ ಪದಾರ್ಥದ ಗುಣ ನೋಡಿ ಅನುಮತಿ ಸಿಕ್ಕಿತು. ಉಲೇಮಾಗಳು ಇದರಿಂದ ಐಬು ಸರಿಪಡಿಸುವುದು ಬೇರೆ, ಸೃಷ್ಟಿಯನ್ನು ಬದಲಿಸುವುದು ಬೇರೆ ಎಂಬ ಗೆರೆ ಎಳೆದರು. ಕಣ್ಣ ಕೆಳಗಿನ ಗುಳಿ ಆ ಗೆರೆಯ ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ತೀರ್ಮಾನಿಸುವ ಮುಫ್ತಿಗಳು ನಾವಲ್ಲ. ಆದರೆ ಮೈಗೆ ಹೊಂದದ ಪದಾರ್ಥವನ್ನು ತೆಗೆದು ಹೊಂದುವುದನ್ನು ಹಾಕುವ ವಿವೇಕ ಆ ಪ್ರಸಂಗದಲ್ಲಿ ಎದ್ದು ಕಾಣುತ್ತದೆ. ಫಿಲ್ಲರ್‌ಗಳ ಚರಿತ್ರೆಯೆಂದರೆ ಹೆಚ್ಚುಕಡಿಮೆ ಆ ವಿವೇಕವನ್ನು ಮತ್ತೆ ಮತ್ತೆ ಮರೆತ ಚರಿತ್ರೆ.

ಮೊದಲ ಹೆಜ್ಜೆ ಚೆನ್ನಾಗಿಯೇ ಇತ್ತು. 1893ರಲ್ಲಿ ಜರ್ಮನಿಯ ಗುಸ್ತಾವ್ ನಾಯ್ಬರ್ ಕ್ಷಯದ ಮೂಳೆಸೋಂಕಿನಿಂದ ಕಣ್ಣಿನ ಕೆಳಗೆ ಒಳಸೆಳೆದುಕೊಂಡಿದ್ದ ಗಾಯದ ಗುಳಿಗೆ ರೋಗಿಯ ತೋಳಿನಿಂದಲೇ ತೆಗೆದ ಕೊಬ್ಬಿನ ಸಣ್ಣ ತುಣುಕುಗಳನ್ನಿಟ್ಟು ತುಂಬಿದ. ತುಂಬುವ ಚಿಕಿತ್ಸೆ ಹುಟ್ಟಿದ್ದೇ ಈ ಜಾಗದಲ್ಲಿ, ರೋಗ ಮಾಡಿದ ಗುಳಿಗಾಗಿ. ತುಣುಕು ದೊಡ್ಡದಾದರೆ ಕೊಬ್ಬು ಉಳಿಯುವುದಿಲ್ಲ ಎಂಬುದನ್ನೂ ಅವನು ಕಂಡುಕೊಂಡಿದ್ದ. ಆದರೆ ಕೊಬ್ಬು ತೆಗೆಯುವುದು, ಇಡುವುದು ಎಲ್ಲ ನಿಧಾನದ ಕೆಲಸ. ಆರೇ ವರ್ಷದಲ್ಲಿ ಸುಲಭದ ಪದಾರ್ಥವೊಂದು ಬಂತು. 1899ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿ, ಕ್ಷಯದಿಂದ ವೃಷಣ ಕಳೆದುಕೊಂಡಿದ್ದ ಯುವಕನೊಬ್ಬನಿಗೆ ಆ ಜಾಗ ತುಂಬಲು ವ್ಯಾಸಲೀನ್ ಚುಚ್ಚಿದ. ಫಲ ಚೆನ್ನಾಗಿ ಕಂಡಿತು. ಅದರ ಬೆನ್ನಿಗೆ ಪ್ಯಾರಫಿನ್ ಮೇಣವನ್ನು ಕಾಯಿಸಿ ಮೂಗು, ಕೆನ್ನೆ, ಕಣ್ಣಿನ ಸುತ್ತ ಚುಚ್ಚುವ ಗೀಳು ಯುರೋಪು ಅಮೆರಿಕಗಳಿಗೆ ಹಬ್ಬಿತು.

ಮೇಣ ಇದ್ದಲ್ಲಿ ಇರಲಿಲ್ಲ. ಕೆಲವು ವರ್ಷಗಳಲ್ಲಿ ಜಾರಿತು, ಗಂಟು ಕಟ್ಟಿತು, ಚರ್ಮ ಒಡೆದು ಹುಣ್ಣಾಯಿತು. ಆ ಗಂಟುಗಳಿಗೆ ವೈದ್ಯರು 'ಪ್ಯಾರಫಿನೋಮಾ' ಎಂದು ಬೇರೆ ಹೆಸರನ್ನೇ ಇಡಬೇಕಾಯಿತು. ಆ ಕಾಲದ ಹೆಸರಾಂತ ಸುಂದರಿ ಗ್ಲಾಡಿಸ್ ಡೀಕನ್, ಮುಂದೆ ಮಾರ್ಲ್‌ಬರೋದ ಡಚೆಸ್ ಆದವಳು, ಇಪ್ಪತ್ತರ ಹರೆಯದಲ್ಲಿ ಮೂಗಿನ ಗೆರೆ ತಿದ್ದಲು ಮೇಣ ಚುಚ್ಚಿಸಿಕೊಂಡಳು. ಅದು ಗದ್ದಕ್ಕಿಳಿದು ಮುಖ ಕೆಡಿಸಿತು; ಅವಳು 1977ರಲ್ಲಿ ತೀರಿಕೊಳ್ಳುವವರೆಗೂ ಆ ಮುಖದಲ್ಲೇ ಬದುಕಿದಳು. ಇಂಥ ಮುಖಗಳು ಹೆಚ್ಚಿದಾಗ ಮೇಣ ಹಿಂದೆ ಸರಿಯಿತು. ಎರಡನೇ ಮಹಾಯುದ್ಧದ ನಂತರ ಅದರ ಜಾಗಕ್ಕೆ ದ್ರವ ಸಿಲಿಕೋನ್ ಬಂತು, ಜಪಾನಿನಲ್ಲಿ ಮೊದಲು, ಆಮೇಲೆ ಅಮೆರಿಕದ ಲಾಸ್ ವೇಗಸ್‌ನಲ್ಲಿ. ಮತ್ತೆ ಅದೇ ಭರವಸೆ, ಅದೇ ಗಂಟುಗಳು, ಕೆಲವರಿಗೆ ಸಾವು. 1970ರ ದಶಕದಲ್ಲಿ ನೆವಾಡಾ ರಾಜ್ಯ ಸಿಲಿಕೋನ್ ಚುಚ್ಚುವುದನ್ನು ಅಪರಾಧವೆಂದೇ ಘೋಷಿಸಿತು. ಮೇಣವಾಗಲಿ ಸಿಲಿಕೋನ್ ಆಗಲಿ, ಮಾರುವಾಗ ಎಲ್ಲರೂ ಹೇಳಿದ್ದು 'ಇದು ಶಾಶ್ವತ' ಎಂದೇ. ಆ ಮಾತು ನಿಜವಾಯಿತು; ತೊಂದರೆಯೂ ಶಾಶ್ವತವಾಯಿತು.

1981ರಲ್ಲಿ ಅಮೆರಿಕ ಒಪ್ಪಿದ ಜೈಡರ್ಮ್ ದನದ ಚರ್ಮದಿಂದ ತೆಗೆದ ಕೊಲ್ಲಾಜನ್. ಕೆಲವು ತಿಂಗಳಲ್ಲಿ ಕರಗುತ್ತಿತ್ತು, ಅದು ಅದರ ಒಳ್ಳೆಯ ಗುಣ. ಆದರೆ ನೂರಕ್ಕೆ ಸುಮಾರು ಮೂವರಿಗೆ ಅಲರ್ಜಿ, ಹಾಗಾಗಿ ಮೊದಲು ಮುಂಗೈಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು. ದನದ್ದು ಎಂದರೆ ನಮ್ಮ ದೇಶದಲ್ಲಿ ಒಬ್ಬರಿಗೆ ಒಂದು ಅಡ್ಡಿ, ಹಂದಿಯದು ಎಂದರೆ ಇನ್ನೊಬ್ಬರಿಗೆ ಇನ್ನೊಂದು. 1857ರ ತೋಟಾಗಳ ಕಥೆ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಮಲೇಷ್ಯಾದ ಫತ್ವಾ ಮಂಡಳಿ 2006ರಲ್ಲಿ ಬೊಟಾಕ್ಸ್ ಸಲ್ಲದೆಂದು ಹೇಳಿದಾಗಲೂ ಅದರ ತಯಾರಿಕೆಯಲ್ಲಿ ಸೇರುವ ಪದಾರ್ಥಗಳ ಮೂಲದ ಪ್ರಶ್ನೆ ಮುಂದಿತ್ತು. (ಬೊಟಾಕ್ಸ್ ಸ್ನಾಯುವನ್ನು ಸಡಿಲಿಸುವ ಮದ್ದು, ಗುಳಿ ತುಂಬುವ ಫಿಲ್ಲರ್ ಅದಲ್ಲ. ಜಾಹೀರಾತುಗಳು ಎರಡನ್ನೂ ಒಟ್ಟಿಗೆ ಕಲಸಿಬಿಡುತ್ತವೆ.)

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಹೈಲುರಾನಿಕ್ ಆಮ್ಲದ ಜೆಲ್. ಇದರ ಹುಟ್ಟು ಕೂಡ ಕಣ್ಣಿನಲ್ಲೇ. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೈಯರ್ ಮತ್ತು ಜಾನ್ ಪಾಮರ್ ಕಸಾಯಿಖಾನೆಯಿಂದ ತಂದ ದನದ ಕಣ್ಣುಗುಡ್ಡೆಗಳೊಳಗಿನ ಗಾಜಿನಂಥ ದ್ರವದಿಂದ ಇದನ್ನು ಬೇರ್ಪಡಿಸಿದರು. ಗಾಜು ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟರು. ನಮ್ಮೆಲ್ಲರ ಚರ್ಮ, ಕೀಲು, ಕಣ್ಣುಗಳಲ್ಲಿ ಇದು ಇದೆ. ದಿನವೂ ಕರಗುತ್ತದೆ, ದಿನವೂ ಹುಟ್ಟುತ್ತದೆ. ಹಂಗರಿಯಲ್ಲಿ ಹುಟ್ಟಿದ ಎಂಡ್ರೆ ಬಲಾಜ್ ಇದನ್ನು ಹುಂಜದ ಜುಟ್ಟಿನಿಂದ ಶುದ್ಧವಾಗಿ ತೆಗೆಯುವ ದಾರಿ ಕಂಡುಹಿಡಿದರು. 1980ರ ಹೊತ್ತಿಗೆ ಅದು ಕಣ್ಣಿನ ಪೊರೆಯ ಶಸ್ತ್ರಕ್ರಿಯೆಗೆ ಬಂತು. ನಮ್ಮ ಊರುಗಳಿಂದ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಹೋಗಿ ಪೊರೆ ತೆಗೆಸಿಕೊಂಡು ಬಂದ ಎಷ್ಟು ಹಿರಿಯರಿದ್ದಾರೆ! ಅಂಥ ಶಸ್ತ್ರಕ್ರಿಯೆಗಳಲ್ಲಿ ಕಣ್ಣಿನೊಳಗೆ ಜಾಗ ಕಾಯ್ದುಕೊಳ್ಳಲು ಬಳಸುವ ಜೆಲ್‌ಗಳಲ್ಲಿ ಇದೂ ಒಂದು. ಆಮೇಲೆ ಬ್ಯಾಕ್ಟೀರಿಯಾಗಳನ್ನು ಹುದುಗಿಸಿ ಇದನ್ನು ತಯಾರಿಸುವ ಕ್ರಮ ಬಂದು ದನ, ಹುಂಜ ಎರಡರ ಗೊಡವೆಯೂ ತಪ್ಪಿತು. ಹಾಗೆ ಮಾಡಿದ ರೆಸ್ಟಿಲೇನ್ ಅನ್ನು ಅಮೆರಿಕದ ನಿಯಂತ್ರಕರು 2003ರ ಡಿಸೆಂಬರಿನಲ್ಲಿ ಮುಖದ ಮಡಿಕೆಗಳಿಗೆಂದು ಒಪ್ಪಿದರು. ಕಣ್ಣಿನ ಕೆಳಗಿನ ಗುಳಿಗೆಂದೇ ಅವರು ಮೊದಲ ಒಪ್ಪಿಗೆ ಕೊಟ್ಟದ್ದು 2022ರಲ್ಲಿ, ಜುವಿಡರ್ಮ್ ವೋಲ್ಬೆಲ್ಲಾಕ್ಕೆ. 2023ರಲ್ಲಿ ರೆಸ್ಟಿಲೇನ್ ಐಲೈಟ್‌ಗೆ. ಅಂದರೆ ನಡುವಿನ ಹದಿನೆಂಟು ವರ್ಷ ಅಲ್ಲಿನ ವೈದ್ಯರು ಈ ಜಾಗಕ್ಕೆ ಬಳಸುತ್ತಿದ್ದುದು ಬೇರೆ ಜಾಗಕ್ಕೆ ಒಪ್ಪಿಗೆ ಪಡೆದ ಮದ್ದನ್ನು, ತಮ್ಮ ಅನುಭವದ ಬಲದ ಮೇಲೆ.

ಈ ಜೆಲ್‌ನ ದೊಡ್ಡ ಗುಣ ಚೆಂದ ಕಾಣಿಸುವುದರಲ್ಲಿ ಇಲ್ಲ. ಅದನ್ನು ಕರಗಿಸುವ ಮದ್ದು ಇದೆ, ಅದೇ ಗುಣ. ಹೈಲುರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ಜೆಲ್ ಬೇಗನೆ ಕರಗುತ್ತದೆ. ಮೇಣಕ್ಕೆ, ಸಿಲಿಕೋನ್‌ಗೆ ಇಂಥದ್ದೊಂದು ಇದ್ದಿದ್ದರೆ ಎಷ್ಟೋ ಮುಖಗಳು ಉಳಿಯುತ್ತಿದ್ದವು. ಈಗಲೂ ಮಾರುಕಟ್ಟೆಯಲ್ಲಿ ಈ ಗುಣವಿಲ್ಲದ ಫಿಲ್ಲರ್‌ಗಳಿವೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್, ಪಾಲಿ ಲ್ಯಾಕ್ಟಿಕ್ ಆಮ್ಲ, ಪ್ಲಾಸ್ಟಿಕ್ಕಿನ ಅತಿಸಣ್ಣ ಮಣಿಗಳು. ಮುಖದ ಬೇರೆ ಭಾಗಕ್ಕೆ ಇವಕ್ಕೆ ಉಪಯೋಗವಿರಬಹುದು. ಎಚ್‌ಐವಿ ಔಷಧಿಗಳಿಂದ ಕೆನ್ನೆ ಬತ್ತಿಹೋದವರಿಗೆಂದು 2004ರಲ್ಲಿ ಅಮೆರಿಕ ಪಾಲಿ ಲ್ಯಾಕ್ಟಿಕ್ ಆಮ್ಲವನ್ನು ಒಪ್ಪಿತು. ಬತ್ತಿದ ಮುಖ ನೋಡಿಯೇ ಜನ ದೂರ ಸರಿಯುತ್ತಿದ್ದಾಗ ಅದು ಕೆಲವರಿಗೆ ಮತ್ತೆ ಬೀದಿಗೆ ಬರುವ ಧೈರ್ಯ ಕೊಟ್ಟಿತು. ಆದರೆ ಕಣ್ಣಿನ ಕೆಳಗಿನ ಚರ್ಮ ಮೈಯಲ್ಲೇ ಅತಿ ತೆಳು, ಸುಮಾರು ಅರ್ಧ ಮಿಲಿಮೀಟರು. ಅಲ್ಲಿ ಬಿಳಿ ಗಂಟು ಎದ್ದರೆ ಮುಚ್ಚಲು ಏನೂ ಇರುವುದಿಲ್ಲ, ಕರಗಿಸಲೂ ಆಗುವುದಿಲ್ಲ. ಹಾಗಾಗಿ ಚಿಂತಾಮಣಿಯ ಹುಡುಗಿಗೆ ನಾವು ಹೇಳಿದ ಮೊದಲ ಮಾತು: ಕರಗಿಸಲು ಬರುವಂಥದ್ದಲ್ಲದೆ ಬೇರೆ ಯಾವುದನ್ನೂ ಕಣ್ಣಿನ ಕೆಳಗೆ ಹಾಕಿಸಿಕೊಳ್ಳಬೇಡ, 'ಹೆಚ್ಚು ವರ್ಷ ಬಾಳುತ್ತದೆ' ಎಂದು ಯಾರು ಹೇಳಿದರೂ.

ಹೈಲುರಾನಿಕ್ ಜೆಲ್‌ಗಳೂ ಎಲ್ಲ ಒಂದೇ ಅಲ್ಲ. ಕೆಲವು ಗಟ್ಟಿ, ಗದ್ದ ಕೆನ್ನೆಗಳನ್ನು ಎತ್ತಿ ನಿಲ್ಲಿಸುವಂಥವು, ಕೆಲವು ಮೆತ್ತಗೆ. ಈ ಆಮ್ಲ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚು ನೀರು ಹಿಡಿಯುವ ಜೆಲ್ ಕಣ್ಣಿನ ಕೆಳಗೆ ಹೋದರೆ ಗುಳಿಯ ಬದಲು ಊತ ಬರುತ್ತದೆ, ಬೆಳಿಗ್ಗೆ ಎದ್ದಾಗ ಹೆಚ್ಚು. ಮೇಲ್ಪದರಕ್ಕೆ ಹಾಕಿದರೆ ಚರ್ಮದ ಮೂಲಕ ನೀಲಿ ಛಾಯೆ ಕಾಣುತ್ತದೆ. ಬೆಳಕು ಸೂಕ್ಷ್ಮ ಕಣಗಳಿಗೆ ತಾಗಿ ಚದರುವುದರಿಂದ ಹೀಗಾಗುತ್ತದೆ. ಕಪ್ಪು ಹೋಗಲೆಂದು ಹೋದವರು ನೀಲಿ ಹೊತ್ತು ಬರುವುದು ಹೀಗೆ. ಮೆತ್ತನೆಯ ಜೆಲ್, ಕಡಿಮೆ ಪ್ರಮಾಣ, ಮೂಳೆಯ ಹತ್ತಿರದ ಆಳ ಎಂಬುದು ಬಲ್ಲವರ ಕ್ರಮ. ಒಂದೇ ದಿನ ಪೂರ್ತಿ ತುಂಬಿಸುವುದಕ್ಕಿಂತ ಸ್ವಲ್ಪ ಕಡಿಮೆ ಹಾಕಿ ಕೆಲವು ವಾರ ಬಿಟ್ಟು ನೋಡುವುದು ಲೇಸು.

ಅದಕ್ಕೂ ಮೊದಲು ಕೇಳಬೇಕಾದದ್ದು, ಅಲ್ಲಿರುವುದು ಗುಳಿಯೇ ಹೌದೇ? ಕಣ್ಣಿನ ಕೆಳಗಿನ ಕಪ್ಪಿಗೆ ಕಾರಣ ಹಲವು. ಚರ್ಮದಲ್ಲೇ ಬಣ್ಣ ಕಟ್ಟಿರಬಹುದು. ನಮ್ಮ ದೇಶದ ಮೈಬಣ್ಣದವರಲ್ಲಿ ಇದು ಹೆಚ್ಚು, ಮನೆತನದಿಂದಲೂ ಬರುತ್ತದೆ. ಅಲರ್ಜಿಯಿಂದ ಕಣ್ಣುಜ್ಜಿ ಉಜ್ಜಿ ಕಪ್ಪಾಗಿರಬಹುದು. ಕೊಬ್ಬು ಮುಂದೆ ಉಬ್ಬಿ ಚೀಲದಂತಾಗಿ ಅದರ ನೆರಳು ಕೆಳಗೆ ಬಿದ್ದಿರಬಹುದು. ಅಥವಾ ನಿಜವಾಗಿ ಗುಳಿಯೇ ಇರಬಹುದು: ಚರ್ಮದಿಂದ ಮೂಳೆಗೆ ಬಿಗಿದ ಒಂದು ನಾರು ಅಲ್ಲಿದೆ, ವಯಸ್ಸಿನೊಂದಿಗೆ ಅದರ ಕೆಳಗಿನ ಕೆನ್ನೆ ಇಳಿದಾಗ ನಡುವೆ ತಗ್ಗು ಬೀಳುತ್ತದೆ. ಇಂಗ್ಲಿಷ್ ವೈದ್ಯರು ಇದನ್ನು ಕಣ್ಣೀರಿನ ತೊಟ್ಟಿ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಫಿಲ್ಲರ್ ಕೆಲಸ ಮಾಡುವುದು ಈ ತಗ್ಗಿನ ನೆರಳಿಗೆ ಮಾತ್ರ. ಕಿಟಕಿಯ ಎದುರು ನಿಂತು ಮುಖವನ್ನು ಬೆಳಕಿಗೆ ಎತ್ತಿ ಕನ್ನಡಿ ನೋಡಿದರೆ ತಗ್ಗಿನ ನೆರಳು ಕರಗುತ್ತದೆ, ಚರ್ಮದ ಬಣ್ಣ ಹಾಗೇ ಉಳಿಯುತ್ತದೆ. ದುಡ್ಡು ಖರ್ಚಿಲ್ಲದ ಪರೀಕ್ಷೆ.

ಇಲ್ಲಿ ಶಿಡ್ಲಘಟ್ಟದ ಮಾತು ಬರಲೇಬೇಕು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ರಾಜ್ಯದಲ್ಲಿ ನೆಲೆಗೊಳಿಸಲು ಹೊರಟ. ಆ ಕಸುಬು ಮುಂದೆ ಈ ಸೀಮೆಯ ಅನ್ನವಾಯಿತು. ರೈತರ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬರುತ್ತದೆ. ಅದನ್ನು ಕೊಂಡು ನೂಲು ಬಿಚ್ಚುವ ರೀಲರ್‌ಗಳಲ್ಲಿ, ಅವರ ಕೈಕೆಳಗಿನ ಕೆಲಸಗಾರರಲ್ಲಿ ನಮ್ಮ ಜನ ಬಹಳ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಅಂಟನ್ನು ಸಡಿಲಿಸಿ, ಹಬೆ ಏಳುವ ತೊಟ್ಟಿಯ ಮೇಲೆ ಬಗ್ಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಹುಡುಕಿ ಹಿಡಿಯುವ ಕೆಲಸ. ನಸುಕಿನಲ್ಲಿ ಶುರುವಾಗುತ್ತದೆ. ಸತ್ತ ಹುಳದ ವಾಸನೆ, ಹೊಗೆ, ಹಬೆ. ರೀಲಿಂಗ್ ಕೆಲಸಗಾರರಲ್ಲಿ ಉಬ್ಬಸ, ಅಲರ್ಜಿ ಇರುವುದು ವೈದ್ಯರಿಗೆ ಗೊತ್ತಿರುವ ವಿಷಯ. ಇಂಥ ಮನೆಯ ಹೆಣ್ಣುಮಗಳ ಕಣ್ಣ ಕೆಳಗಿನ ಕಪ್ಪನ್ನು ಯಾವ ಸಿರಿಂಜು ತುಂಬೀತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇತ್ತು. ಮುಖ ಬಿಳಿಚಿದಾಗ ಕಣ್ಣ ಕೆಳಗಿನ ಕಪ್ಪು ಇನ್ನೂ ಎದ್ದು ಕಾಣುತ್ತದೆ. ಸರ್ಕಾರಿ ಆಸ್ಪತ್ರೆಯ ರಕ್ತ ಪರೀಕ್ಷೆ, ಕಬ್ಬಿಣದ ಮಾತ್ರೆ, ಕೆಲವು ತಿಂಗಳ ನಿದ್ದೆ, ಇವು ಮೊದಲ ಚಿಕಿತ್ಸೆ. ಒಂದು ಸಿರಿಂಜು ಜೆಲ್‌ನ ಬೆಲೆ ಸಾಮಾನ್ಯವಾಗಿ ರೀಲಿಂಗ್ ಕೆಲಸಗಾರ್ತಿಯ ತಿಂಗಳ ಕೂಲಿಗಿಂತ ಹೆಚ್ಚು. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇವೆ. ರೇಷ್ಮೆ ಎಳೆಯ ಫೈಬ್ರೊಯಿನ್ ಎಂಬ ಪ್ರೋಟೀನನ್ನು ಹೈಲುರಾನಿಕ್ ಆಮ್ಲದೊಂದಿಗೆ ಬೆರೆಸಿ, ದನಿ ಬಿದ್ದವರ ಗಂಟಲ ಸ್ವರತಂತುವಿಗೆ ಚುಚ್ಚುವ ಫಿಲ್ಲರ್ ಅಮೆರಿಕದಲ್ಲಿ ಬಂದಿದೆ. ಮುಖಕ್ಕೂ ಅದನ್ನು ತರುವ ಸಂಶೋಧನೆ ನಡೆದಿದೆ.

ಇನ್ನು ಅಪಾಯದ ಮಾತು, ಇದನ್ನು ಜಾಹೀರಾತುಗಳು ಹೇಳುವುದಿಲ್ಲ. ಕಣ್ಣಿನ ಸುತ್ತಲಿನ ರಕ್ತನಾಳಗಳು ಒಳಗೆ ಕಣ್ಣಿನ ರೆಟಿನಾಕ್ಕೆ ಹೋಗುವ ನಾಳದೊಂದಿಗೆ ಕೂಡಿಕೊಂಡಿವೆ. ಸೂಜಿ ಅಕಸ್ಮಾತ್ ನಾಳದೊಳಗೆ ಹೋಗಿ, ಒತ್ತಿದ ಜೆಲ್ ಹಿಮ್ಮುಖವಾಗಿ ಹರಿದರೆ ದೃಷ್ಟಿಯೇ ಹೋಗಬಹುದು. ಬಹಳ ವಿರಳ, ಆದರೆ ನಡೆದಿದೆ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಜಗತ್ತಿನ ವೈದ್ಯ ಪತ್ರಿಕೆಗಳಿಂದ ಇಂಥ 98 ಪ್ರಕರಣಗಳನ್ನು ಕಲೆಹಾಕಿತು. ಹುಬ್ಬುಗಳ ನಡುವೆ, ಮೂಗಿನ ಮೇಲೆ ಚುಚ್ಚಿದವು ಹೆಚ್ಚು. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಚುಚ್ಚಿದ್ದು ರೋಗಿಯದೇ ಕೊಬ್ಬು. 'ನಿಮ್ಮದೇ ಮೈಯದು, ಏನೂ ಆಗುವುದಿಲ್ಲ' ಎಂಬ ಭರವಸೆಗೆ ಈ ಲೆಕ್ಕ ಉತ್ತರ.

ರೆಟಿನಾಕ್ಕೆ ರಕ್ತ ನಿಂತರೆ ಒಂದೂವರೆ ಗಂಟೆಯೊಳಗೆ ಏನಾದರೂ ಮಾಡಬೇಕು ಎಂಬ ಎಣಿಕೆ ಬಹುಕಾಲದಿಂದ ಇತ್ತು. ಅಷ್ಟು ಹೊತ್ತೂ ಇಲ್ಲ ಎನ್ನುವ ತಜ್ಞರು ಈಗ ಇದ್ದಾರೆ. ಚಿಕ್ಕಬಳ್ಳಾಪುರ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಚಿಂತಾಮಣಿ, ಗೌರಿಬಿದನೂರು ಸುಮಾರು 75. ಬಸ್ಸಿಗೆ ಎರಡು ಗಂಟೆ ಎಂದಿಟ್ಟುಕೊಳ್ಳಿ, ಹೆಬ್ಬಾಳದ ಟ್ರಾಫಿಕ್ ಕೈಹಿಡಿದರೆ. ಬೆಂಗಳೂರಿನಲ್ಲಿ ಚುಚ್ಚಿಸಿಕೊಂಡು ಅದೇ ಸಂಜೆ ಬಸ್ಸು ಹತ್ತುವವರಿಗೂ, ಪಾರ್ಲರಿನಲ್ಲಿ ಅಥವಾ ಮನೆಗೆ ಬಂದು ಅಗ್ಗಕ್ಕೆ ಹಾಕುತ್ತೇವೆ ಎನ್ನುವವರನ್ನು ನಂಬುವವರಿಗೂ ಈ ಲೆಕ್ಕ ಗೊತ್ತಿರಬೇಕು. ದೃಷ್ಟಿ ಮಂಜಾದರೆ, ತಡೆಯಲಾರದ ನೋವು ಬಂದರೆ, ಚರ್ಮ ಬಿಳಿಚಿ ಬಲೆಯಂತೆ ಕಪ್ಪುಗಟ್ಟಿದರೆ ಅಲ್ಲೇ ಕೂರಬೇಕು, ಆ ಕ್ಷಣವೇ ಚಿಕಿತ್ಸೆ ಆಗಬೇಕು. ಹೋದ ದೃಷ್ಟಿ ಮರಳಿದ ಉದಾಹರಣೆಗಳು ಕಡಿಮೆ. ಚರ್ಮದ ನಾಳ ಕಟ್ಟಿದ್ದಾದರೆ ಕರಗಿಸುವ ಕಿಣ್ವ ಬೇಗ ಸಿಕ್ಕಿದವರು ಬಚಾವಾಗಿದ್ದಾರೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿಯನ್ನೇ ಮಾಡಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದವರು. ಗಾಳಿಯಿಂದ ಬೂದಿ ತೆಗೆಯುವವರನ್ನು ಕೇಳಿದ ಹಾಗೆಯೇ ಹತ್ತು ನಿಮಿಷದಲ್ಲಿ ಹತ್ತು ವರ್ಷ ತೆಗೆಯುತ್ತೇವೆ ಎನ್ನುವವರನ್ನೂ ಕೇಳಬೇಕಲ್ಲವೇ? ಹುಡುಗಿಗೆ ನಾವು ಹೇಳಿಕೊಟ್ಟ ಪ್ರಶ್ನೆಗಳು ಇಷ್ಟು. ಚುಚ್ಚುವವರು ಚರ್ಮದ ಅಥವಾ ಪ್ಲಾಸ್ಟಿಕ್ ಸರ್ಜರಿಯ ಅಥವಾ ಕಣ್ಣಿನ ಡಾಕ್ಟರೇ? ಕ್ಲಿನಿಕ್ಕು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿದೆಯೇ, ಆ ಪತ್ರ ಗೋಡೆಯ ಮೇಲಿದೆಯೇ? ಹಾಕುವ ಜೆಲ್‌ನ ಹೆಸರೇನು, ಏನಿಂದ ಮಾಡಿದ್ದು? ಹೈಲುರಾನಿಡೇಸ್ ಈಗ ಈ ಕೋಣೆಯಲ್ಲಿದೆಯೇ, ತರಿಸಬೇಕೇ? ಈವರೆಗೆ ಎಷ್ಟು ಜನರ ಕಣ್ಣಿನ ಕೆಳಗೆ ಹಾಕಿದ್ದೀರಿ, ಎಷ್ಟು ಜನರಿಗೆ ಕರಗಿಸಬೇಕಾಯಿತು? ಕೊನೆಯ ಪ್ರಶ್ನೆಗೆ 'ಒಬ್ಬರಿಗೂ ಇಲ್ಲ' ಎಂದು ಥಟ್ಟನೆ ಉತ್ತರ ಬಂದರೆ ಎದ್ದು ಬರುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

"ಇಷ್ಟೆಲ್ಲಾ ಕೇಳಿದರೆ ಡಾಕ್ಟರಿಗೆ ಕೋಪ ಬರಲ್ವಾ ಮಾಮೂ?" ಎಂದಳು. ಬರುವವರ ಹತ್ತಿರ ಹಾಕಿಸಿಕೊಳ್ಳಬೇಡ ಬೇಟಾ ಎಂದೆವು. ಅವಳು ಮೊದಲು ರಕ್ತ ಪರೀಕ್ಷೆ ಮಾಡಿಸಿದಳು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಮಾತ್ರೆ ಶುರುವಾಯಿತು. ಫಿಲ್ಲರ್ ಬೇಕೋ ಬೇಡವೋ ಎಂಬುದನ್ನು ಷಾದಿ ಆದಮೇಲೆ ತಾನೇ ನೋಡಿಕೊಳ್ಳುತ್ತೇನೆ ಎಂದಿದ್ದಾಳೆ. ದಾದಿಗೂ ಒಂದು ಮಾತು ಹೇಳಿದ್ದೇವೆ, ಮನೆಯ ಮಕ್ಕಳ ಕಣ್ಣಿಗೆ ಆ ಬಜಾರಿನ ಸುರ್ಮಾ ಹಚ್ಚಬೇಡಿ ಎಂದು.

ಹಾಕಿಸಿಕೊಳ್ಳುವವರಿಗೆ ಇನ್ನೊಂದು ವಿಷಯ. ಅಸಲಿ ಜೆಲ್‌ನ ಸಿರಿಂಜು ಮೊಹರು ಒಡೆಯದ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಎದುರಿಗೇ ಒಡೆಸಬೇಕು, ಅವಧಿ ಮುಗಿಯುವ ದಿನಾಂಕ ಓದಬೇಕು. ಡಬ್ಬಿಯೊಳಗೆ ಬ್ಯಾಚ್ ಸಂಖ್ಯೆಯ ಅಂಟುಚೀಟಿ ಇರುತ್ತದೆ. ಒಂದು ಚೀಟಿ ಡಾಕ್ಟರ ದಾಖಲೆಗೆ ಹೋದರೆ ಇನ್ನೊಂದನ್ನು ಕೇಳಿ ತೆಗೆದುಕೊಂಡು ಮನೆಯ ಕಾಗದಪತ್ರಗಳ ಜೊತೆ ಇಡಬೇಕು. ಎರಡು ವರ್ಷದ ಮೇಲೆ ಗಂಟು ಕಂಡು ಬೇರೆ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಕೇಳುವುದು ಒಳಗಿರುವುದು ಏನು ಎಂದೇ.